ಮೆರಾಪಿ: ಬೆಂಕಿಬೆಟ್ಟ ಕಲಿಸಿದ ತಪ್ಪು ಪಾಠ

ಇಂಡೋನೇಷ್ಯಾದ ಜಾವಾ ದ್ವೀಪದ ನಡುಭಾಗದಲ್ಲಿರುವ ಮೆರಾಪಿ ಜ್ವಾಲಾಮುಖಿಯ ಅಪಾಯಸೂಚನೆಯನ್ನು ಅಲ್ಲಿನ ವಿಜ್ಞಾನಿಗಳು ಮೂರನೆಯ ಹಂತಕ್ಕೆ ಏರಿಸಿದ್ದು 2020ರ ನವೆಂಬರ್ 5ರಂದು. ನಾಲ್ಕು ಹಂತಗಳ ಆ ವ್ಯವಸ್ಥೆಯಲ್ಲಿ ಮೂರನೆಯದಕ್ಕೆ ‘ಸಿಯಾಗಾ’ ಎಂದು ಹೆಸರು. ಅರ್ಥಾತ್ ಸನ್ನದ್ಧ ಸ್ಥಿತಿ. ಎರಡು ತಿಂಗಳ ಬಳಿಕ, 2021ರ ಜನವರಿ ಆರಂಭದಲ್ಲಿ, ಶಿಖರದ ಮೇಲೆ ಹೊಸ ಲಾವಾ ಕಾಣಿಸಿಕೊಂಡಿತು. 2023ರ ಮಾರ್ಚ್ 11ರಂದು ಬಿಸಿ ಬೂದಿಯ ಮೋಡಗಳು ಕಣಿವೆಗೆ ಇಳಿದು ತಪ್ಪಲಿನ ಹಳ್ಳಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿದವು. ಆದರೂ ವರ್ಷಗಳು ಉರುಳಿದಂತೆ ಎಚ್ಚರಿಕೆಯು ನಾಲ್ಕಕ್ಕೆ ಏರಲೂ ಇಲ್ಲ, ಎರಡಕ್ಕೆ ಇಳಿಯಲೂ ಇಲ್ಲ.

ವರ್ಷಗಟ್ಟಲೆ ಮೊಳಗುವ ಎಚ್ಚರಿಕೆಯ ಗಂಟೆ ಕ್ರಮೇಣ ಕಿವಿಗೆ ಬೀಳದಂತಾಗುತ್ತದೆ. ಮೆರಾಪಿಯ ಇಳಿಜಾರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ಶಿಖರದಿಂದ ಮೂವತ್ತು ಕಿಲೋಮೀಟರಿನಷ್ಟೂ ಇಲ್ಲದ ದೂರದಲ್ಲಿ ಯೋಗ್ಯಕರ್ತಾ ಮಹಾನಗರವಿದೆ. ಈ ಪರ್ವತ ಯಾವಾಗ ಸಿಡಿದೀತು ಎಂದು ತಿಳಿಯುವ ವಿದ್ಯೆಯಲ್ಲಿ ಇಂಡೋನೇಷ್ಯಾ ಇಂದು ಬಹಳ ಮುಂದೆ ಸಾಗಿದೆ. ಆದರೆ ಪದೇ ಪದೇ ಚಿಕ್ಕದಾಗಿ ಸಿಡಿಯುವ ಬೆಟ್ಟವು ದೊಡ್ಡದಾಗಿಯೂ ಸಿಡಿಯಬಲ್ಲದು ಎಂಬುದನ್ನು ಅದರ ಮಡಿಲಲ್ಲಿ ಬದುಕುವವರು ನೆನಪಿನಲ್ಲಿಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಯಾವ ಉಪಕರಣವೂ ಉತ್ತರ ಕೊಡದು.

ಬೆಟ್ಟದ ಹುಟ್ಟು

ಜಾವಾ ದ್ವೀಪದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ ಒಂದು ಆಳವಾದ ಕಂದಕವಿದೆ. ಇಂಡೋ-ಆಸ್ಟ್ರೇಲಿಯನ್ ಭೂಫಲಕವು ವರ್ಷಕ್ಕೆ ಆರೇಳು ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಸರಿದು, ಈ ಕಂದಕದಲ್ಲಿ ಜಾವಾವನ್ನು ಹೊತ್ತ ಸುಂದಾ ಫಲಕದ ಅಡಿಗೆ ನುಗ್ಗುತ್ತಿದೆ. ಕೆಳಕ್ಕಿಳಿಯುವ ಫಲಕ ತನ್ನೊಡನೆ ಸಮುದ್ರದ ನೀರನ್ನೂ ಖನಿಜಗಳಲ್ಲಿ ಬಂಧಿಸಿ ಒಯ್ಯುತ್ತದೆ. ನೂರಾರು ಕಿಲೋಮೀಟರ್ ದೂರ ಸಾಗಿ, ಒತ್ತಡ ಮತ್ತು ಶಾಖ ಹೆಚ್ಚಿದಾಗ ಆ ನೀರು ಬಿಡುಗಡೆಯಾಗಿ ಮೇಲಿನ ಶಿಲಾಸ್ತರದೊಳಗೆ ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಉಷ್ಣಾಂಶದಲ್ಲೇ ಕರಗುತ್ತದೆ. ಹಾಗೆ ಕರಗಿದ ಶಿಲಾರಸ ಮೇಲೇರಿ ಬಂದ ದಾರಿಯಲ್ಲೇ ಜಾವಾದ ಬೆನ್ನೆಲುಬಿನಂತಿರುವ ಜ್ವಾಲಾಮುಖಿಗಳ ಸಾಲು ನಿಂತಿದೆ. ಇಡೀ ಇಂಡೋನೇಷ್ಯಾದಲ್ಲಿ ಸರ್ಕಾರಿ ಲೆಕ್ಕದ ಪ್ರಕಾರ 127 ಸಕ್ರಿಯ ಜ್ವಾಲಾಮುಖಿಗಳಿವೆ. ಅವುಗಳಲ್ಲಿ ಅತಿ ಚಟುವಟಿಕೆಯ ಬೆಟ್ಟವೆಂಬ ಹೆಸರು ಮೆರಾಪಿಯದು. ಅಲ್ಲಿನ ಭಾಷೆಯಲ್ಲಿ ‘ಅಪಿ’ ಎಂದರೆ ಬೆಂಕಿ. ಬೆಟ್ಟದ ಹೆಸರಿನಲ್ಲೇ ಬೆಂಕಿಯಿದೆ.

ಜ್ವಾಲಾಮುಖಿ ಎಂದೊಡನೆ ಕೆಂಪು ಲಾವಾ ನದಿಯಂತೆ ಹರಿಯುವ ದೃಶ್ಯ ಕಣ್ಣಮುಂದೆ ಬರುವುದು ಸಹಜ. ಅಂಥ ಹರಿವಿಗೆ ಕನ್ನಡನಾಡಿನಲ್ಲೇ ಸಾಕ್ಷಿಯಿದೆ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಭಾಗಗಳ ಕಪ್ಪು ಬಸಾಲ್ಟ್ ಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹೊಮ್ಮಿ, ಪದರ ಪದರವಾಗಿ ಹರಡಿ ಹೆಪ್ಪುಗಟ್ಟಿದ ದಖನ್ನಿನ ಲಾವಾ. ಅಲ್ಲಿನ ಎರೆಮಣ್ಣು ಆ ಶಿಲೆ ಸವೆದು ಆದದ್ದು. ಸಿಲಿಕಾ ಅಂಶ ಕಡಿಮೆಯಿದ್ದ ಆ ಲಾವಾ ತೆಳುವಾಗಿತ್ತು; ಆದುದರಿಂದ ಬಹುದೂರ ಹರಿಯಿತು.

ಮೆರಾಪಿಯ ಗುಣ ಬೇರೆ. ಇಲ್ಲಿನದು ಬಸಾಲ್ಟ್ ಮತ್ತು ಆಂಡಿಸೈಟ್‌ಗಳ ನಡುವಿನ ಶಿಲಾರಸ. ಸಿಲಿಕಾ ಹೆಚ್ಚಿರುವುದರಿಂದ ಮಂದವಾಗಿದೆ; ಮೇಲೇರುತ್ತ ಅನಿಲ ಕಳೆದುಕೊಂಡು ಹರಳುಗಟ್ಟಿದಂತೆ ಇನ್ನಷ್ಟು ಬಿರುಸಾಗುತ್ತದೆ. ಅದು ದೂರ ಹರಿಯಲಾರದೆ ಬಾಯಿಯ ಬಳಿಯಲ್ಲೇ ಗುಡ್ಡೆಗೂಡಿ ಗುಮ್ಮಟವಾಗುತ್ತದೆ. ಗುಮ್ಮಟ ಬೆಳೆದು, ಕಡಿದಾದ ಇಳಿಜಾರಿನಲ್ಲಿ ತನ್ನ ಭಾರವನ್ನು ತಾನೇ ತಾಳಲಾರದೆ ಕುಸಿಯುತ್ತದೆ. ಕುಸಿದ ಕಾದ ಬಂಡೆಗಳು ಒಡೆದು ಪುಡಿಯಾಗಿ, ಒಳಗಿನ ಅನಿಲವೂ ಹೊರಬಂದು, ನೂರಾರು ಡಿಗ್ರಿ ಶಾಖದ ಬೂದಿ-ಕಲ್ಲುಗಳ ಪ್ರವಾಹವಾಗಿ ಗಂಟೆಗೆ ನೂರು ಕಿಲೋಮೀಟರನ್ನೂ ಮೀರಿದ ವೇಗದಲ್ಲಿ ಕಣಿವೆಗೆ ನುಗ್ಗುತ್ತವೆ. ಇಂಡೋನೇಷ್ಯಾದ ಜನ ಇದನ್ನು ‘ಅವಾನ್ ಪನಾಸ್’, ಅಂದರೆ ಬಿಸಿ ಮೋಡ ಎನ್ನುತ್ತಾರೆ. ತಪ್ಪಲಿನ ಜಾವಾ ರೈತರು ಇಟ್ಟ ಹೆಸರು ‘ವೆಡುಸ್ ಗೆಂಬೆಲ್’. ಗುಂಗುರು ಉಣ್ಣೆಯ ಕುರಿಮಂದೆ ಬೆಟ್ಟದಿಂದ ಇಳಿದು ಬಂದಂತೆ ಕಾಣುವುದರಿಂದ ಈ ಹೆಸರು. ಗುಮ್ಮಟ ಕುಸಿದು ಹೀಗೆ ಹುಟ್ಟುವ ಪ್ರವಾಹಗಳನ್ನು ಜಗತ್ತಿನ ಜ್ವಾಲಾಮುಖಿ ಶಾಸ್ತ್ರವು ಇಂದಿಗೂ ‘ಮೆರಾಪಿ ಮಾದರಿ’ ಎಂದೇ ಗುರುತಿಸುತ್ತದೆ.

ಸ್ಫೋಟದ ಅನಂತರವೂ ಅಪಾಯ ಮುಗಿಯುವುದಿಲ್ಲ. ಇಳಿಜಾರಿನಲ್ಲಿ ಬಿದ್ದ ಬೂದಿ-ಮರಳನ್ನು ಮಳೆ ಕೊಚ್ಚಿಕೊಂಡು ಬಂದಾಗ ಅದು ಗಾರೆಯಂತೆ ದಪ್ಪನಾದ ಪ್ರವಾಹವಾಗುತ್ತದೆ. ಅದರ ಹೆಸರು ‘ಲಾಹಾರ್’. ಜಗತ್ತಿನ ಎಲ್ಲ ಭೂವಿಜ್ಞಾನ ಗ್ರಂಥಗಳಲ್ಲಿ ಬಳಕೆಯಾಗುವ ಈ ಶಬ್ದ ಜಾವಾ ಭಾಷೆಯದೇ ಎಂಬುದು, ಈ ಸಂಕಟದೊಡನೆ ಅಲ್ಲಿನವರಿಗಿರುವ ಹಳೆಯ ಪರಿಚಯಕ್ಕೆ ಸಾಕ್ಷಿ.

ಎರಡು ಬಗೆಯ ಇತಿಹಾಸ

ಮೆರಾಪಿಯ ಇತಿಹಾಸವನ್ನು ಎರಡು ಬಗೆಯಲ್ಲಿ ಓದಬಹುದು. ಒಂದು, ಮನುಷ್ಯನ ನೆನಪಿನಲ್ಲಿರುವುದು. ನಾಲ್ಕಾರು ವರ್ಷಗಳಿಗೊಮ್ಮೆ ಗುಮ್ಮಟ ಬೆಳೆಯುತ್ತದೆ, ಕುಸಿಯುತ್ತದೆ, ಒಂದೆರಡು ಕಣಿವೆಗಳು ಸುಡುತ್ತವೆ, ಬೂದಿ ಬೀಳುತ್ತದೆ, ಮುಂದಿನ ಬೆಳೆ ಹುಲುಸಾಗಿ ಬರುತ್ತದೆ. ಇಪ್ಪತ್ತನೆಯ ಶತಮಾನದ ಹೆಚ್ಚಿನ ಸ್ಫೋಟಗಳು ಈ ಬಗೆಯವು. ಇವುಗಳಲ್ಲಿಯೂ ಸಾವು ಸಂಭವಿಸಿದೆ. 1930ರ ಡಿಸೆಂಬರಿನಲ್ಲಿ ಪಶ್ಚಿಮದ ಇಳಿಜಾರಿನ ಹಳ್ಳಿಗಳನ್ನು ನುಂಗಿದ ಬಿಸಿ ಮೋಡಗಳಿಗೆ 1,369 ಜನ ಬಲಿಯಾದರು. 1994ರ ನವೆಂಬರ್ 22ರಂದು ದಕ್ಷಿಣದ ತಪ್ಪಲಿನಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆದರೂ ಬೆಟ್ಟದ ನಡತೆ ತಮಗೆ ಗೊತ್ತಿದೆ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿ ಉಳಿಯಿತು.

ಎರಡನೆಯದು, ಮಣ್ಣಿನಲ್ಲಿ ಬರೆದಿರುವ ಇತಿಹಾಸ. ಇಂದಿನ ಶಂಕುವಿನಾಕಾರದ ಶಿಖರ ನಿಂತಿರುವುದು ಹಳೆಯದೊಂದು ಮೆರಾಪಿಯ ಅವಶೇಷದ ಮೇಲೆ. ಆ ಹಿರಿಯ ಬೆಟ್ಟದ ಒಂದು ಪಾರ್ಶ್ವವೇ ಕೆಲವು ಸಾವಿರ ವರ್ಷಗಳ ಹಿಂದೆ ಕುಸಿದುಹೋಯಿತು. ಯೋಗ್ಯಕರ್ತಾದ ಹೊರವಲಯದಲ್ಲಿ, ಶಿಖರದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, 1966ರಲ್ಲಿ ರೈತನೊಬ್ಬ ಹೊಲ ಅಗೆಯುತ್ತಿದ್ದಾಗ ಗುದ್ದಲಿಗೆ ಕೆತ್ತಿದ ಕಲ್ಲೊಂದು ತಗುಲಿತು. ಉತ್ಖನನ ಮಾಡಿದಾಗ ದೊರೆತದ್ದು ಒಂಬತ್ತನೆಯ ಶತಮಾನದ ಸಂಬಿಸಾರಿ ಶಿವಾಲಯ. ಅದು ಮೆರಾಪಿ ಉಗುಳಿದ ಬೂದಿ-ಮರಳಿನ ಅಡಿ, ಆರೂವರೆ ಮೀಟರ್ ಆಳದಲ್ಲಿ ಹೂತುಹೋಗಿತ್ತು. ಜೀರ್ಣೋದ್ಧಾರ ಮುಗಿದದ್ದು 1987ರಲ್ಲಿ. ಇಂದು ಯಾತ್ರಿಕರು ಮೆಟ್ಟಿಲಿಳಿದು ಆ ಗುಡಿಯ ಅಂಗಳವನ್ನು ತಲುಪಬೇಕು. ದೊಡ್ಡ ಸ್ಫೋಟಗಳು ಕಟ್ಟುಕಥೆಯಲ್ಲ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಬೇಕಿಲ್ಲ.

ಬರಹದ ದಾಖಲೆಗಳಿರುವ ಕಾಲದಲ್ಲಿ 1872ರ ಏಪ್ರಿಲ್ ಸ್ಫೋಟವು ಅಂಥ ದೊಡ್ಡ ಘಟನೆ. ಅದಾದ ಬಳಿಕ ಸುಮಾರು ನೂರಮೂವತ್ತೆಂಟು ವರ್ಷ ಬೆಟ್ಟ ಅಷ್ಟು ಬಲವಾಗಿ ಸಿಡಿಯಲಿಲ್ಲ. ಐದಾರು ತಲೆಮಾರುಗಳಲ್ಲಿ ಯಾರೂ ಕಂಡಿರದ ಸಂಗತಿಯನ್ನು ಸಮಾಜ ಮರೆಯುವುದು ಸ್ವಾಭಾವಿಕ. ಆಗಾಗ ಬರುವ ಚಿಕ್ಕ ಸ್ಫೋಟಗಳು ಆ ಮರೆವಿಗೆ ಅನುಭವದ ಮುದ್ರೆಯನ್ನೂ ಒತ್ತಿದವು.

2006ರಲ್ಲಿ ಕಲಿತದ್ದು, 2010ರಲ್ಲಿ ತೆತ್ತದ್ದು

ಈ ಮರೆವಿನ ಬೆಲೆಯೇನೆಂಬುದು 2006 ಮತ್ತು 2010ರ ಘಟನೆಗಳನ್ನು ಜೊತೆಗಿಟ್ಟು ನೋಡಿದಾಗ ತಿಳಿಯುತ್ತದೆ. 2006ರ ಮೇ 13ರಂದು ಎಚ್ಚರಿಕೆಯನ್ನು ಅತ್ಯುನ್ನತವಾದ ನಾಲ್ಕನೆಯ ಹಂತಕ್ಕೆ ಏರಿಸಿ, ಸಾವಿರಾರು ಜನರನ್ನು ತೆರವುಗೊಳಿಸಲಾಯಿತು. ಮಹಾಸ್ಫೋಟ ಬರಲಿಲ್ಲ. ಬದಲಿಗೆ ಮೇ 27ರಂದು ಯೋಗ್ಯಕರ್ತಾದ ದಕ್ಷಿಣ ಭಾಗದಲ್ಲಿ ಭೂಕಂಪವಾಗಿ 5,700ಕ್ಕೂ ಹೆಚ್ಚು ಜನ ಸತ್ತರು. ಎಲ್ಲರೂ ಬೆಟ್ಟವನ್ನೇ ನೋಡುತ್ತಿದ್ದಾಗ ಅಪಾಯ ನೆಲದೊಳಗಿನಿಂದ ಬಂತು. ಜೂನ್ 13ರಂದು ಎಚ್ಚರಿಕೆಯನ್ನು ಒಂದು ಹಂತ ಇಳಿಸಲಾಯಿತು. ಮರುದಿನವೇ ಬಿಸಿ ಮೋಡವೊಂದು ದಕ್ಷಿಣದ ಕಣಿವೆಗೆ ಇಳಿಯಿತು. ಕಾಲಿಆಡೆಮ್ ಎಂಬಲ್ಲಿ, ಇಂಥ ಹೊತ್ತಿನಲ್ಲಿ ರಕ್ಷಣೆಗೆಂದೇ ಕಟ್ಟಿದ್ದ ಕಾಂಕ್ರೀಟ್ ನೆಲಮಾಳಿಗೆಯಲ್ಲಿ ಆಶ್ರಯ ಪಡೆದ ಇಬ್ಬರು ಸ್ವಯಂಸೇವಕರು ಅಲ್ಲೇ ಮೃತಪಟ್ಟರು.

ಆ ವರ್ಷದ ಇನ್ನೊಂದು ಬದಲಾವಣೆ ಭೂವಿಜ್ಞಾನಿಗಳನ್ನು ಬಿಟ್ಟರೆ ಹೆಚ್ಚಿನವರ ಗಮನ ಸೆಳೆಯಲಿಲ್ಲ. ಶಿಖರದ ದಕ್ಷಿಣಕ್ಕೆ ‘ಗೆಗರ್ ಬೊಯೊ’ ಎಂಬ ಹಳೆಯ ಲಾವಾ ದಿಬ್ಬವೊಂದು ಗೋಡೆಯಂತೆ ನಿಂತು ಆ ಬದಿಯ ಹಳ್ಳಿಗಳನ್ನು ಕಾಯುತ್ತಿತ್ತು. 2006ರ ಜೂನಿನಲ್ಲಿ ಅದು ಕುಸಿಯಿತು. ಅಲ್ಲಿಂದಾಚೆಗೆ ಗೆಂಡೋಲ್ ನದಿಯ ಕಣಿವೆಗೆ ನೇರ ದಾರಿ ತೆರೆದುಕೊಂಡಿತು.

ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೆಯದೇ ಚಿತ್ರ. ಕಿನಾಹ್ರೆಜೊ ಎಂಬ ಎತ್ತರದ ಹಳ್ಳಿಯಲ್ಲಿ ಮರಿಜಾನ್ ಎಂಬ ವೃದ್ಧರಿದ್ದರು. ಜನ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಯೋಗ್ಯಕರ್ತಾದ ಒಂಬತ್ತನೆಯ ಸುಲ್ತಾನರು 1982ರಲ್ಲಿ ಅವರನ್ನು ಮೆರಾಪಿಯ ‘ಕೀಲಿಕೈ ಕಾಯುವವ’ನನ್ನಾಗಿ ನೇಮಿಸಿದ್ದರು. ಅರಮನೆಯ ಪರವಾಗಿ ಪ್ರತಿವರ್ಷ ಬೆಟ್ಟಕ್ಕೆ ‘ಲಾಬುಹಾನ್’ ಎಂಬ ಕಾಣಿಕೆ ಒಪ್ಪಿಸುವುದು ಅವರ ಹೊಣೆ. ಉತ್ತರದ ಬೆಟ್ಟ, ನಡುವಿನ ಅರಮನೆ, ದಕ್ಷಿಣದ ಸಮುದ್ರ ಇವು ಒಂದೇ ರೇಖೆಯಲ್ಲಿವೆ ಎಂಬ ನಂಬಿಕೆಯ ಮೇಲೆ ಆ ನಗರವನ್ನು ಕಟ್ಟಲಾಗಿದೆ. ಆ ರೇಖೆಗೆ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮನ್ನಣೆಯೂ ದೊರೆಯಿತು. 2006ರಲ್ಲಿ ಹತ್ತನೆಯ ಸುಲ್ತಾನರೇ ಕೇಳಿಕೊಂಡರೂ ಮರಿಜಾನ್ ಬೆಟ್ಟ ಬಿಟ್ಟು ಇಳಿಯಲಿಲ್ಲ. ಬದುಕಿ ಉಳಿದರು, ದೇಶಾದ್ಯಂತ ಪ್ರಸಿದ್ಧರಾದರು, ಜಾಹೀರಾತಿನಲ್ಲೂ ಕಾಣಿಸಿಕೊಂಡರು. ಯಂತ್ರಗಳು ಹೇಳಿದ್ದು ಸುಳ್ಳಾಯಿತು, ಅಜ್ಜ ಹೇಳಿದ್ದು ನಿಜವಾಯಿತು ಎಂದು ಅನೇಕರು ತಿಳಿದರು.

2010ರ ಸೆಪ್ಟೆಂಬರಿನಿಂದ ಬೆಟ್ಟ ಮತ್ತೆ ಅಲುಗತೊಡಗಿತು. ಈ ಸಲ ಲಕ್ಷಣಗಳೇ ಬೇರೆಯಾಗಿದ್ದವು. ಭೂಕಂಪನಗಳ ಸಂಖ್ಯೆ ಹಿಂದಿನ ಸ್ಫೋಟಗಳ ಲೆಕ್ಕವನ್ನು ಮೀರಿತು. ಶಿಖರದಲ್ಲಿಟ್ಟ ಪ್ರತಿಫಲಕಗಳು ಕೆಳಗಿನ ಅಳತೆ ಕೇಂದ್ರದ ಕಡೆಗೆ ಕೊನೆಯ ದಿನಗಳಲ್ಲಿ ದಿನಕ್ಕೆ ಅರ್ಧ ಮೀಟರಿನಷ್ಟು ಸರಿಯುತ್ತಿದ್ದವು; ಅಂದರೆ ಬೆಟ್ಟದ ತಲೆ ಉಬ್ಬುತ್ತಿತ್ತು. ಅಕ್ಟೋಬರ್ 25ರಂದು ನಾಲ್ಕನೆಯ ಹಂತ ಘೋಷಣೆಯಾಗಿ, ಹತ್ತು ಕಿಲೋಮೀಟರ್ ವ್ಯಾಪ್ತಿಯ ಜನರಿಗೆ ಹೊರಡಲು ಸೂಚಿಸಲಾಯಿತು. ಮರುದಿನ ಸಂಜೆ ಬಿಸಿ ಮೋಡ ಕಿನಾಹ್ರೆಜೊ ಹಳ್ಳಿಯನ್ನು ಸುಟ್ಟುಹಾಕಿತು. ಮರಿಜಾನ್ ತಮ್ಮ ಮನೆಯಲ್ಲೇ ಸತ್ತರು. ಅವರ ಮನವೊಲಿಸಲು ಹೋದವರೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಜನ ಆ ಸಂಜೆ ಪ್ರಾಣ ಕಳೆದುಕೊಂಡರು.

ಅದು ಆರಂಭ ಮಾತ್ರ. ಮುಂದಿನ ದಿನಗಳಲ್ಲಿ ಹೊಸ ಗುಮ್ಮಟ ಸೆಕೆಂಡಿಗೆ ಸುಮಾರು 25 ಘನ ಮೀಟರ್ ವೇಗದಲ್ಲಿ ಬೆಳೆಯಿತು. ಶಿಖರವನ್ನು ಮೋಡ ಮುಚ್ಚಿದ್ದಾಗಲೂ ಉಪಗ್ರಹಗಳ ರೇಡಾರ್ ಇದನ್ನು ಕಂಡಿತು. ನವೆಂಬರ್ 3ರಂದು ನಿಷೇಧಿತ ವಲಯ 15 ಕಿಲೋಮೀಟರಿಗೆ ಹಿಗ್ಗಿತು. ನವೆಂಬರ್ 5ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ 1872ರ ನಂತರದ ಅತಿ ದೊಡ್ಡ ಸ್ಫೋಟ ಸಂಭವಿಸಿತು. ವಲಯವನ್ನು 20 ಕಿಲೋಮೀಟರಿಗೆ ವಿಸ್ತರಿಸಿದ್ದು ಅದೇ ರಾತ್ರಿ. ಗೆಗರ್ ಬೊಯೊ ಬಿದ್ದು ತೆರೆದಿದ್ದ ದಾರಿಯಲ್ಲೇ ಪ್ರವಾಹ ಗೆಂಡೋಲ್ ಕಣಿವೆಗೆ ಧುಮುಕಿ ಸುಮಾರು 15 ಕಿಲೋಮೀಟರ್ ದೂರ ಸಾಗಿತು. ಅಷ್ಟು ದೂರ ಬೆಂಕಿ ಬಾರದೆಂದು ನಂಬಿದ್ದ ನದಿದಂಡೆಯ ಹಳ್ಳಿಗಳಲ್ಲಿ ಅತಿ ಹೆಚ್ಚು ಸಾವು ಸಂಭವಿಸಿತು. ಇಡೀ ದುರಂತದಲ್ಲಿ ಮಡಿದವರು 350ಕ್ಕೂ ಹೆಚ್ಚು. ಮನೆ ಬಿಟ್ಟವರು ಮೂರೂವರೆ ಲಕ್ಷಕ್ಕೂ ಹೆಚ್ಚು. ಬೊರೊಬುದುರಿನ ಬುದ್ಧ ವಿಗ್ರಹಗಳ ಮೇಲೂ ಬೂದಿ ಮುಸುಕಿತು. ಮರುವರ್ಷದ ಜನವರಿಯಲ್ಲಿ ಲಾಹಾರ್ ಪ್ರವಾಹ ಯೋಗ್ಯಕರ್ತಾ-ಮಾಗೆಲಾಂಗ್ ಹೆದ್ದಾರಿಯನ್ನೇ ಕಡಿಯಿತು.

ಈ ಸಾವುಗಳ ನಡುವೆ ಒಂದು ಸಾಧನೆಯನ್ನು ಮರೆಯಲಾಗದು. ಮುನ್ಸೂಚನೆ ಮತ್ತು ತೆರವಿನಿಂದ ಹತ್ತರಿಂದ ಇಪ್ಪತ್ತು ಸಾವಿರ ಜನರ ಪ್ರಾಣ ಉಳಿದಿರಬಹುದೆಂದು, ಅಂದು ಜ್ವಾಲಾಮುಖಿ ಇಲಾಖೆಯ ಮುಖ್ಯಸ್ಥರಾಗಿದ್ದ ಸುರೊನೊ ಮತ್ತು ಅವರ ಸಹವಿಜ್ಞಾನಿಗಳು ಅಂದಾಜು ಮಾಡಿದರು. ವಿಜ್ಞಾನ ಸೋಲಲಿಲ್ಲ. ಸೋತದ್ದು, ಕಳೆದ ಸಲದಂತೆಯೇ ಈ ಸಲವೂ ಎಂಬ ಎಣಿಕೆ.

ಹಟ್ಟಿಯಲ್ಲಿ ಕಟ್ಟಿದ ದನ

ಸತ್ತವರನ್ನು ಮೂಢನಂಬಿಕೆಯವರೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮೆರಾಪಿಯ ಮೇಲ್ತಪ್ಪಲಿನ ಬದುಕು ನಿಂತಿರುವುದು ಹಾಲು ಕರೆಯುವ ಹಸುಗಳ ಮೇಲೆ, ತರಕಾರಿಯ ಮಡಿಗಳ ಮೇಲೆ, ನದಿಯ ಮರಳಿನ ಮೇಲೆ. ಶಿಬಿರಕ್ಕೆ ಹೋದ ರೈತನ ಹಟ್ಟಿಯಲ್ಲಿ ದನ ಹಸಿದು ಕೂಗುತ್ತಿದ್ದರೆ ಅವನು ಬೆಳಗ್ಗೆ ಹುಲ್ಲು ಹಾಕಲು ಬೆಟ್ಟ ಹತ್ತಿಯೇ ಹತ್ತುತ್ತಾನೆ. 2010ರಲ್ಲಿ ಹೀಗೆ ಹಿಂದಿರುಗುವವರನ್ನು ತಡೆಯಲಾಗದೆ, ದನಗಳನ್ನು ತಾನೇ ಕೊಳ್ಳುವುದಾಗಿ ಸರ್ಕಾರ ಭರವಸೆ ನೀಡಬೇಕಾಯಿತು. ಜನರನ್ನು ತೆರವುಗೊಳಿಸುವ ಯೋಜನೆಯಲ್ಲಿ ಜಾನುವಾರುಗಳಿಗೆ ಜಾಗವಿಲ್ಲದಿದ್ದರೆ ಅದು ಅರ್ಧ ಯೋಜನೆ ಎಂಬುದು ಆಗ ಮನದಟ್ಟಾಯಿತು.

ಆ ಪಾಠ ವ್ಯರ್ಥವಾಗಲಿಲ್ಲ. 2020ರ ನವೆಂಬರಿನಲ್ಲಿ ಎಚ್ಚರಿಕೆ ಏರಿದಾಗ ವೃದ್ಧರು, ಗರ್ಭಿಣಿಯರು, ಮಕ್ಕಳನ್ನು ಮೊದಲು ಕೆಳಗಿಳಿಸಿದ್ದಷ್ಟೇ ಅಲ್ಲದೆ, ಹಸುಗಳನ್ನೂ ಸಾಮೂಹಿಕ ಕೊಟ್ಟಿಗೆಗಳಿಗೆ ಸಾಗಿಸಲಾಯಿತು. ಮಾಗೆಲಾಂಗ್ ಜಿಲ್ಲೆಯಲ್ಲಿ ‘ಸೋದರಿ ಹಳ್ಳಿ’ ಎಂಬ ವ್ಯವಸ್ಥೆ ಬಂದಿದೆ. ಮೇಲಿನ ಪ್ರತಿಯೊಂದು ಹಳ್ಳಿಗೂ ಕೆಳಗೆ ಒಂದು ಜೊತೆ ಹಳ್ಳಿಯನ್ನು ಮೊದಲೇ ಗೊತ್ತುಮಾಡಿ, ಆಪತ್ತಿನಲ್ಲಿ ಯಾರು ಎಲ್ಲಿಗೆ ಹೋಗಬೇಕೆಂದು ನಿಶ್ಚಯಿಸಲಾಗಿದೆ. ಅಪರಿಚಿತ ಶಿಬಿರಕ್ಕೆ ಹೋಗಲು ಹಿಂಜರಿಯುವವರು ಪರಿಚಿತರ ಊರಿಗೆ ಹೋಗಲು ಹಿಂಜರಿಯುವುದಿಲ್ಲ. ಅಪಾಯ ವಲಯದ ನಕ್ಷೆಯೂ ಬದಲಾಗಿದೆ. ಶಿಖರದ ಸುತ್ತ ಒಂದೇ ವೃತ್ತ ಎಳೆಯುವ ಬದಲು, ನದಿ ನದಿಗೆ ಬೇರೆಯಾಗಿ ಮೂರರಿಂದ ಏಳು ಕಿಲೋಮೀಟರ್ ಎಂದು ಗೆರೆ ಎಳೆಯಲಾಯಿತು. ಬಿಸಿ ಮೋಡ ಕಣಿವೆ ಹಿಡಿದು ಇಳಿಯುವುದರಿಂದ ಇದು ಸರಿಯಾದ ಕ್ರಮ. ಜನರ ದುಡಿಮೆಗೂ ಕಡಿಮೆ ಅಡ್ಡಿ.

ಪುನರ್ವಸತಿಯ ಕಥೆ ಇಷ್ಟು ಸರಳವಲ್ಲ. 2010ರ ಬಳಿಕ ಕೆಲವು ಹಳ್ಳಿಗಳವರು ಕೆಳಗಿನ ಹೊಸ ಬಡಾವಣೆಗಳಿಗೆ ಒಪ್ಪಿದರು. ಹಳೆಯ ಭೂಮಿಯ ಒಡೆತನ ಅವರಲ್ಲೇ ಉಳಿಯಿತು. ಅಲ್ಲಿ ಉಳುಮೆ ಮಾಡಬಹುದು, ಮನೆ ಕಟ್ಟುವಂತಿಲ್ಲ. ಇನ್ನು ಕೆಲವು ಹಳ್ಳಿಗಳವರು ಒಪ್ಪದೆ ಹಿಂದಿರುಗಿ, ಬೂದಿಯ ಮೇಲೆಯೇ ಮತ್ತೆ ಮನೆ ಕಟ್ಟಿದರು. ಸುಟ್ಟ ಹಳ್ಳಿಗಳ ದಾರಿಯಲ್ಲಿ ಪ್ರವಾಸಿಗರನ್ನು ಜೀಪುಗಳಲ್ಲಿ ಸುತ್ತಿಸುವ ಹೊಸ ಉದ್ಯೋಗವೂ ಹುಟ್ಟಿಕೊಂಡಿತು. ಕೊಂದ ಬೆಟ್ಟವೇ ಅನ್ನ ಕೊಡುವಾಗ ಅದನ್ನು ಬಿಟ್ಟುಹೋಗಿರೆಂದು ಹೇಳುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಒಂದಕ್ಷರದ ಅಂತರ, ಒಂದೇ ತಪ್ಪು

ಪರಿಚಯವೇ ಎಚ್ಚರವನ್ನು ಮಂಕಾಗಿಸುವುದು ಮೆರಾಪಿಯೊಂದರ ಸಮಸ್ಯೆಯಲ್ಲ. ಪಶ್ಚಿಮ ಸುಮಾತ್ರಾದಲ್ಲಿ ಮರಾಪಿ ಎಂಬ ಇನ್ನೊಂದು ಜ್ವಾಲಾಮುಖಿಯಿದೆ. ಅದು 2011ರಿಂದ ಎರಡನೆಯ ಹಂತದ ಎಚ್ಚರಿಕೆಯಲ್ಲಿತ್ತು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಯಾರೂ ಹೋಗಕೂಡದೆಂಬ ಸೂಚನೆಯೂ ಇತ್ತು. ಆದರೆ ಹನ್ನೆರಡು ವರ್ಷಗಳ ಕಾಲ ಬದಲಾಗದ ಸೂಚನೆ ಗೋಡೆಯ ಮೇಲಿನ ಹಳೆಯ ಬರಹದಂತಾಗಿತ್ತು. ಚಾರಣಿಗರಿಗೆ ಅನುಮತಿಯೂ ಸಿಗುತ್ತಿತ್ತು. 2023ರ ಡಿಸೆಂಬರ್ 3ರಂದು ಅದು ಸಿಡಿದಾಗ ಬೆಟ್ಟದ ಮೇಲೆ ನೋಂದಾಯಿತ ಚಾರಣಿಗರೇ ಸುಮಾರು 75 ಮಂದಿ ಇದ್ದರು. 24 ಜನ ಸತ್ತರು. ಐದು ತಿಂಗಳ ಬಳಿಕ, 2024ರ ಮೇ ತಿಂಗಳಲ್ಲಿ, ಅದೇ ಬೆಟ್ಟದ ಬೂದಿಯನ್ನು ಮಳೆ ಕೊಚ್ಚಿ ತಂದಾಗ ತಪ್ಪಲಿನಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅಲ್ಲಿ ಎಚ್ಚರಿಕೆ ಇಲ್ಲದಿರಲಿಲ್ಲ; ಅದನ್ನು ಎಚ್ಚರಿಕೆಯೆಂದು ಓದುವ ಅಭ್ಯಾಸ ತಪ್ಪಿಹೋಗಿತ್ತು.

ಮೆರಾಪಿಯ ವಿಜ್ಞಾನಿಗಳ ಮುಂದಿರುವ ಕಷ್ಟವೂ ಇಂಥದೇ. ಎಚ್ಚರಿಕೆಯನ್ನು ಬೇಗ ಏರಿಸಿ ಸ್ಫೋಟ ಬಾರದಿದ್ದರೆ 2006ರಂತೆ ನಂಬಿಕೆ ಸವೆಯುತ್ತದೆ. ತಡಮಾಡಿದರೆ ಹೆಣಗಳ ಲೆಕ್ಕ ಹೇಳಬೇಕಾಗುತ್ತದೆ. ಯಾವ ಸಲ ಗುಮ್ಮಟ ಸುಮ್ಮನೆ ಕುಸಿಯುತ್ತದೆ, ಯಾವ ಸಲ ಶಿಲಾರಸ ಅನಿಲ ತುಂಬಿಕೊಂಡು ವೇಗವಾಗಿ ಮೇಲೇರಿ ಸಿಡಿಯುತ್ತದೆ ಎಂಬ ಭೇದ ಸ್ಪಷ್ಟವಾಗುವುದು ಕೆಲವೊಮ್ಮೆ ಕೊನೆಯ ಕೆಲವು ದಿನಗಳಲ್ಲಿ ಮಾತ್ರ. 2010ರಲ್ಲಿ ಆ ಭೇದವನ್ನು ಅವರು ಸಕಾಲದಲ್ಲಿ ಗುರುತಿಸಿದರು. ಮುಂದಿನ ಸಲವೂ ಗುರುತಿಸಬಲ್ಲರು ಎಂಬ ಭರವಸೆಗೆ ಆಧಾರವಿದೆ. ಆದರೆ ಆ ಕೆಲವೇ ದಿನಗಳಲ್ಲಿ, ವರ್ಷಗಟ್ಟಲೆ ‘ಸನ್ನದ್ಧ’ರಾಗಿ ದಣಿದ ಜನ, ಕಟ್ಟಿದ ಹಸುವಿನ ಹಗ್ಗ ಬಿಚ್ಚಿ ಹೊರಡುವರೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅನುಭವ ಒಳ್ಳೆಯ ಗುರು ಎನ್ನುತ್ತಾರೆ. ಮೆರಾಪಿಯ ತಪ್ಪಲಿನಲ್ಲಿ ಮಾತ್ರ ಅದು ಅರ್ಧ ಪಾಠ ಹೇಳಿದ ಗುರು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಆ ಬೆಟ್ಟ ತೋರಿಸುವುದು ತನ್ನ ಚಿಕ್ಕ ಮುಖವನ್ನು. ಉಳಿದರ್ಧ ಪಾಠ ಆರೂವರೆ ಮೀಟರ್ ಆಳದಲ್ಲಿ, ಸಂಬಿಸಾರಿಯ ಅಂಗಳದಲ್ಲಿದೆ. ಶಾಲೆಯ ಮಕ್ಕಳನ್ನು ಬೆಟ್ಟದ ವೀಕ್ಷಣಾ ಗೋಪುರಕ್ಕೆ ಕರೆದೊಯ್ಯುವವರು ಒಮ್ಮೆ ಆ ಮೆಟ್ಟಿಲುಗಳನ್ನೂ ಇಳಿಸಿ ತೋರಿಸಿದರೆ, ಮುಂದಿನ ತಲೆಮಾರು ಬೆಟ್ಟದ ಎರಡೂ ಮುಖಗಳನ್ನು ಅರಿತಿರುತ್ತದೆ.